ರೌಂಡ್ಸ್ ನಡೀತಿದೆ, ಆಮೇಲೆ ಮಾಡಿ

ಹದಿನಾಲ್ಕು ವರ್ಷ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಅಲ್ಲಿ ದಿನವಿಡೀ ನಿಂತಿರುವ ಕೆಲಸ. ಭದ್ರಾವತಿಯ ಜನ್ನಾಪುರದಿಂದ ಹೋಗುವ ಬಸ್ಸಿನಲ್ಲೂ ಹೆಚ್ಚಿನ ದಿನ ನಿಂತೇ ಇರಬೇಕಿತ್ತು. ಕಾಲಿನ ರಕ್ತನಾಳಗಳು ಹಗ್ಗದಂತೆ ಉಬ್ಬಿಕೊಂಡಾಗ ನಮ್ಮ ಡಾಕ್ಟರೇ, "ಸಿಸ್ಟರ್, ಕೂತು ಮಾಡೋ ಕೆಲಸ ನೋಡ್ಕೊಳ್ಳಿ" ಎಂದರು. ಕೂತು ಮಾಡುವ ನರ್ಸ್ ಕೆಲಸ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ.

ಹುಡುಕಿ ಹುಡುಕಿ ಕೊನೆಗೆ ಒಂದು ಸಿಕ್ಕಿತು. ಇನ್ಶೂರೆನ್ಸ್ ಕಂಪನಿಯೊಂದರ ಪರವಾಗಿ, ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಫೋನ್ ಮಾಡಿ ಮಾತ್ರೆ, ಪಥ್ಯ, ಮುಂದಿನ ತಪಾಸಣೆ ವಿಚಾರಿಸುವುದು. ಹುದ್ದೆಯ ಹೆಸರು ಕೇಸ್ ಮ್ಯಾನೇಜರ್. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತರಾಯಿತು.

ಮನೆಯಲ್ಲಿ ಕೂತವಳಿಗೆ ಕೆಲಸವೇ ಇಲ್ಲ ಎಂದು ಇಡೀ ಬೀದಿ ತೀರ್ಮಾನಿಸಿತು. "ಹೆಂಗೂ ಕೂತಿದೀಯಲ್ಲ" ಎಂದು ಅತ್ತೆ ಅವರೆಕಾಯಿಯ ಮೊರ ತಂದಿಟ್ಟರು. ಎದುರುಮನೆಯಾಕೆ ಬಿಪಿ ನೋಡಿಸಿಕೊಳ್ಳಲು ಬಂದರು. ಫೋನಿನಲ್ಲಿದ್ದೇನೆ ಎಂದು ಕೈಸನ್ನೆ ಮಾಡಿದರೆ, "ಮಾತಾಡಮ್ಮ, ನಂಗೇನೂ ಅವಸರ ಇಲ್ಲ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಒಂದು ಬೆಳಿಗ್ಗೆ ವಿನೋಬನಗರದ ನಿವೃತ್ತ ಮೇಷ್ಟ್ರೊಬ್ಬರಿಗೆ ಫೋನ್ ಮಾಡಿದೆ. ಹೃದಯದ ತೊಂದರೆಗೆಂದು ನನ್ನ ಹಳೆಯ ವಾರ್ಡಿನಲ್ಲೇ ಇದ್ದು ಹೋದವರು. "ಎಲ್ಲಾ ಚೆನ್ನಾಗಿದೆ, ಹಲ್ಲುಜ್ಜಿದ್ರೆ ಮಾತ್ರ ರಕ್ತ ಬರ್ತದೆ" ಎಂದರು. ನನಗೆ ಗಾಬರಿಯಾಯಿತು. ಮಾತ್ರೆಗಳ ಹೆಸರನ್ನು ಅವರ ಹೆಂಡತಿಯಿಂದ ಒಂದೊಂದಾಗಿ ಓದಿಸಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಒಂದೇ ಔಷಧ, ಎರಡು ಕಂಪನಿಗಳ ಹೆಸರಿನಲ್ಲಿ; ಒಂದು ಮೊದಲಿನಿಂದ ಇದ್ದದ್ದು, ಇನ್ನೊಂದು ಆಸ್ಪತ್ರೆಯಲ್ಲಿ ಹೊಸದಾಗಿ ಬರೆದುಕೊಟ್ಟದ್ದು. ಹಳೆಯದನ್ನು ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ. ಇಬ್ಬರೂ ಶಿಸ್ತಿನವರು, ಆಕೆ ಎರಡನ್ನೂ ತಪ್ಪದೆ ಕೊಡುತ್ತಿದ್ದರು, ಮೇಷ್ಟ್ರು ತಪ್ಪದೆ ನುಂಗುತ್ತಿದ್ದರು.

ಇಂಥ ಸಂದರ್ಭದಲ್ಲಿ ನಾನು "ನಿಮ್ಮ ಡಾಕ್ಟರನ್ನು ಸಂಪರ್ಕಿಸಿ" ಎಂದು ಹೇಳಿ ಟಿಕ್ ಹಾಕಬೇಕು. ಅಷ್ಟೇ ನಿಯಮ. ಹಾಗೆಯೇ ಹೇಳಿದೆ.

"ನಿನ್ನೆಯಿಂದ ವಾರ್ಡಿಗೆ ಫೋನ್ ಮಾಡ್ತಿದೀನಿ, ಆಮೇಲೆ ಮಾಡಿ ಅಂತ ಇಟ್ಬಿಡ್ತಾರೆ ಸಿಸ್ಟರ್" ಎಂದರು ಆಕೆ.

ನಾನೇ ವಾರ್ಡಿಗೆ ಫೋನ್ ಮಾಡಿದೆ. ಯಾವ ಕಂಪನಿಯಿಂದ ಎಂದು ಹೇಳುವಷ್ಟರಲ್ಲಿ, "ರೌಂಡ್ಸ್ ನಡೀತಿದೆ, ಆಮೇಲೆ ಮಾಡಿ" ಎಂದು ಇಟ್ಟರು. ಎರಡನೆಯ ಸಲವೂ ಅದೇ. ದನಿ ಗೊತ್ತಾಯಿತು, ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಡ್ರಿಪ್ ಹಾಕುವ ಹೊತ್ತಿನಲ್ಲೇ ಬರುತ್ತಿದ್ದ ಇನ್ಶೂರೆನ್ಸ್ ಫೋನುಗಳಿಗೆ ರೋಸಿಹೋಗಿ, ಹೀಗೆ ಹೇಳಿ ಇಟ್ಟುಬಿಡು ಎಂದು ಅವಳಿಗೆ ಕಲಿಸಿದ್ದವಳು ನಾನೇ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು?

ಮೂರನೆಯ ಸಲ ಕಂಪನಿಯ ಹೆಸರೇ ಎತ್ತಲಿಲ್ಲ. "ಈಗ ಇಟ್ಟೆ ಅಂದ್ರೆ ಮುಂದಿನ ಬಸ್ಸಿಗೆ ಅಲ್ಲಿಗೇ ಬರ್ತೀನಿ ನೋಡು" ಎಂದೆ.

"ಅಕ್ಕಾ, ನೀವಾ? ಮೊದ್ಲೇ ಹೇಳ್ಬಾರ್ದಾ? ಇನ್ಶೂರೆನ್ಸ್‌ನವರು ಅನ್ಕೊಂಡೆ."

"ಇನ್ಶೂರೆನ್ಸ್‌ನವಳೇ ಕಣೇ. ಮೊದ್ಲು ಫೈಲ್ ತೆಗಿ."

ಡಾಕ್ಟರನ್ನು ಕೇಳಿಕೊಂಡು ಕಾಲು ಗಂಟೆಯೊಳಗೆ ಅವಳೇ ತಿರುಗಿ ಮಾಡಿದಳು. ಒಂದು ಮಾತ್ರೆ ನಿಲ್ಲಿಸಬೇಕು, ಇವತ್ತೇ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಯಾವ ಮಾತ್ರೆ ಎಂದು ಮೇಷ್ಟ್ರ ಹೆಂಡತಿಯಿಂದ ಎರಡು ಸಲ ಹೇಳಿಸಿದ ಮೇಲೆಯೇ ಫೋನ್ ಇಟ್ಟೆ.

ಸಂಜೆ ಮೇಲ್ವಿಚಾರಕನ ಫೋನ್. "ಮೇಡಂ, ಒಂದೇ ಕೇಸಿಗೆ ಒಂದು ಗಂಟೆ ಆಗಿದೆ. ಹೇಳಿ, ಟಿಕ್ ಮಾಡಿ ಮುಂದೆ ಹೋಗ್ಬೇಕಿತ್ತು."

"ಹಾಗೆ ಮಾಡಿದ್ರೆ ಅವರು ಎರಡೂ ಮಾತ್ರೆ ನುಂಗ್ತಾ ಇರ್ತಿದ್ರು."

"ಸರಿ ಮೇಡಂ, ಆದ್ರೆ ಅದನ್ನ ಬರೆಯೋಕೆ ಕಾಲಂ ಇಲ್ವಲ್ಲ."

ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದೆ.

ಮುಂದಿನ ವಾರ ವಿಚಾರಿಸಿದಾಗ ಮೇಷ್ಟ್ರಿಗೆ ರಕ್ತ ಬರುವುದು ನಿಂತಿತ್ತು. ಈಗ ಅವರ ದೂರು ಉಪ್ಪಿಲ್ಲದ ಸಾರಿನ ಮೇಲೆ. ಅದನ್ನು ಪೂರ್ತಿ ಕೇಳಿದೆ.

ಆಮೇಲೊಂದು ದಿನ ವಾರ್ಡಿನ ಆ ಹುಡುಗಿ ಫೋನ್ ಮಾಡಿದಳು. ಆಚೀಚೆ ಮಾತಾಡಿ, "ಅಕ್ಕ, ನಿಮ್ಮ ಕಂಪನೀಲಿ ಇನ್ನೊಂದು ಕೆಲಸ ಖಾಲಿ ಇದ್ಯಾ? ನಂಗೂ ಸೊಂಟ ನೋವು ಶುರುವಾಗಿದೆ" ಎಂದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕಾಲು ಊದೋದು ಕಮ್ಮಿಯಾಗಿದೆ. ಆದ್ರೆ ರೋಗಿ ಮುಖ ಕಾಣ್ಸಲ್ಲ, ಆಸ್ಪತ್ರೆಯವರೂ ಬೈತಾರೆ, ಕಂಪನಿಯವರೂ ಬೈತಾರೆ."

"ಇಲ್ಲೂ ಎರಡೂ ಕಡೆ ಬೈತಾರಲ್ಲ ಅಕ್ಕ. ಅಲ್ಲಿ ಕೂತ್ಕೊಂಡಾದ್ರೂ ಬೈಸ್ಕೋಬಹುದು."

ಅವಳಿಗೆ ಅರ್ಜಿಯ ಲಿಂಕ್ ಕಳಿಸಿದೆ.