ಬಯಾಸ್ ಸತ್ತ ದಿನ ನನ್ನ ಜಾತಕ ನೋಡಲು ಬಂದರು

ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಪ್ರಪಂಚದ ಕಂಪ್ಯೂಟರ್‌ಗಳೆಲ್ಲ ನಿಂತುಹೋಗುತ್ತವೆ ಎಂದು ಪೇಪರಿನವರು ಹೆದರಿಸಿದ್ದರು. ಬಟವಾಡಿಯ ನಮ್ಮ ಅಂಗಡಿಯ ಕಂಪ್ಯೂಟರ್‌ಗೆ ಏನೂ ಆಗಲಿಲ್ಲ. ಅದನ್ನು ನಿಲ್ಲಿಸಲು ನಮ್ಮಣ್ಣನೇ ಬೇಕಾಯಿತು, ಅದೂ ಎರಡು ಮೂರು ವರ್ಷ ಕಳೆದ ಮೇಲೆ.

ಅಂಗಡಿ ಎಂದರೆ ಒಂದು ಶಟರ್, ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಮದುವೆ ಕಾರ್ಡು ಟೈಪ್ ಮಾಡುತ್ತಿದ್ದೆವು, ಆದರೆ ನಮ್ಮ ಹೊಟ್ಟೆ ತುಂಬಿಸುತ್ತಿದ್ದುದು ಕಂಪ್ಯೂಟರ್ ಜಾತಕ. ಹುಟ್ಟಿದ ದಿನ, ಗಂಟೆ, ಊರು ಹೇಳಿದರೆ ಸಾಕು, ಒಂದು ಕಟ್ಟು ಭವಿಷ್ಯ ಪ್ರಿಂಟಾಗಿ ಬರುತ್ತಿತ್ತು. ಡಿಪ್ಲೊಮಾ ಓದಿದವಳು ನಾನು, ಮಾಲೀಕ ಅಣ್ಣ. ಚಪ್ಪಲಿ ಆಚೆ ಬಿಟ್ಟೇ ಒಳಗೆ ಬರಬೇಕು ಎಂಬುದು ಅವನ ಕಾನೂನು. ಚಪ್ಪಲಿಯಿಂದ ಯಾವ ವೈರಸ್ ಹತ್ತುತ್ತದೆ ಎಂದು ಕೇಳಿದ್ದಕ್ಕೆ ನನ್ನನ್ನು ಅಧಿಕಪ್ರಸಂಗಿ ಎಂದಿದ್ದ. ಆಯುಧಪೂಜೆಯಲ್ಲಿ ಕ್ಯಾಬಿನೆಟ್‌ಗೆ ಬಳಿದ ವಿಭೂತಿ ಮುಂದಿನ ಆಯುಧಪೂಜೆಯವರೆಗೂ ಹಾಗೇ ಇರುತ್ತಿತ್ತು.

ಊರಿಗೆಲ್ಲ ಜಾತಕ ಹಂಚುತ್ತಿದ್ದ ಈ ಮನೆಯಲ್ಲಿ ಮದುವೆಯಾಗದೆ ಉಳಿದವಳು ನಾನೇ. ನನ್ನದು ಮೂಲಾ ನಕ್ಷತ್ರ. ಮೂಲಾ ನಕ್ಷತ್ರದ ಸೊಸೆ ಮನೆಗೆ ಬಂದರೆ ಮಾವ ಉಳಿಯುವುದಿಲ್ಲವಂತೆ. ಹಾಗಾಗಿ ನನ್ನನ್ನು ನೋಡಲು ಬಂದ ಗಂಡುಗಳ ಅಪ್ಪಂದಿರೆಲ್ಲ ಉಪ್ಪಿಟ್ಟು, ಕೇಸರಿಬಾತು ತಿಂದು, ಕೈ ತೊಳೆದುಕೊಂಡು, ಪ್ರಾಣ ಉಳಿಸಿಕೊಂಡು ಹೋಗಿದ್ದರು. ದಿನಕ್ಕೆ ಒಂದು ಕಟ್ಟು ಬೀಡಿ ಸೇದಿ ಕೆಮ್ಮುತ್ತಿದ್ದವರೂ ಬೀಡಿಗೆ ಹೆದರದೆ ನನಗೆ ಹೆದರಿದರು.

ಆಗ ಗುಬ್ಬಿ ಕಡೆಯಿಂದ ಒಂದು ಸಂಬಂಧ ಬಂತು. ಮನೆಯಲ್ಲಿ ತೆಂಗಿನ ತೋಟ, ಹುಡುಗನಿಗೆ ಕುಣಿಗಲ್ ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತನ ಕೆಲಸ. ನೆಂಟರ ಮದುವೆಯೊಂದರಲ್ಲಿ ಅವನನ್ನು ನೋಡಿದ್ದೆ. ಏನು ಓದಿದ್ದೀರಿ ಎಂದು ಕೇಳಿ, ನಾನು ಉತ್ತರ ಮುಗಿಸುವವರೆಗೂ ನಿಂತು ಕೇಳಿಸಿಕೊಂಡಿದ್ದ. ನಮ್ಮ ಕಡೆ ಗಂಡಸರಲ್ಲಿ ಇದು ಅಪರೂಪ. ನನಗೆ ಅವನು ಇಷ್ಟವಾಗಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ.

ಹುಡುಗನ ಅಪ್ಪನದು ಒಂದೇ ಷರತ್ತು. ಜೋಯಿಸರು ದಕ್ಷಿಣೆ ನೋಡಿಕೊಂಡು ಹೇಳುತ್ತಾರೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ, ಆದ್ದರಿಂದ ನಿಮ್ಮ ಅಂಗಡಿಗೇ ಬಂದು ಕಣ್ಣೆದುರೇ ಎರಡೂ ಜಾತಕ ಕೂಡಿಸಿ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅಣ್ಣ ಕುಣಿದಾಡಿದ. ನಾನು ಹುಟ್ಟಿದ ಗಂಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಮೂಲಾ ಮುಗಿದು ಪೂರ್ವಾಷಾಢ ಶುರುವಾಗುತ್ತಿತ್ತು. ಇದು ಮೋಸ ಎಂದೆ. "ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣೇ, ನಾವ್ ಹೇಳಿದ್ದನ್ನ ಹೇಳ್ತದೆ ಅಷ್ಟೇ" ಎಂದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ, ನಾನು ಹೇಳುತ್ತಿರುವುದು ಬರೀ ಒಂದು, ಇನ್ನೂ ಎಷ್ಟು ಬಾಕಿ ಇದೆ ನೋಡು ಎಂದು ಲೆಕ್ಕ ಬೇರೆ ಒಪ್ಪಿಸಿದ.

ಇಷ್ಟಕ್ಕೆ ಸುಮ್ಮನಿದ್ದರೆ ಅವನು ನಮ್ಮಣ್ಣ ಹೇಗಾದಾನು? ಬೀಗರ ಮುಂದೆ ಜಾತಕ ಫಾಸ್ಟಾಗಿ ಬರಬೇಕೆಂದು, ಅವರು ಬರುವ ದಿನಕ್ಕೆ ಸರಿಯಾಗಿ ಹೊಸ ಪ್ರೊಸೆಸರ್ ತಂದ. ಅದನ್ನು ಮಾರಿದ ಕುಣಿಗಲ್‌ನ ರಿಪೇರಿಯವರು ಜೊತೆಗೊಂದು ಫ್ಲಾಪಿ ಕೊಟ್ಟು, ನಿಮ್ಮ ಹಳೇ ಬೋರ್ಡು ಈ ಪ್ರೊಸೆಸರನ್ನು ಗುರುತು ಹಿಡಿಯುವುದಿಲ್ಲ, ಮೊದಲು ಬಯಾಸ್ ಅಪ್‌ಡೇಟ್ ಮಾಡಿ ಎಂದಿದ್ದರು. ಬಯಾಸ್ ಎಂದರೆ ಬೋರ್ಡಿನ ಮೇಲೆ ಒಂದು ಚಿಪ್ಪಿನಲ್ಲಿ ಕೂತು, ಸ್ವಿಚ್ ಒತ್ತಿದ ತಕ್ಷಣ ಕಂಪ್ಯೂಟರನ್ನು ನಿದ್ದೆಯಿಂದ ಎಬ್ಬಿಸುವ ಪ್ರೋಗ್ರಾಂ. ಅದನ್ನು ಅಳಿಸಿ ಹೊಸದು ಬರೆಯುವಾಗ ಕರೆಂಟ್ ಹೋದರೆ ಎಬ್ಬಿಸುವವರೇ ಇರುವುದಿಲ್ಲ. ಇವತ್ತು ಬೇಡ, ಅವರು ಬಂದು ಹೋಗಲಿ ಎಂದೆ. ಮುಹೂರ್ತ ಚೆನ್ನಾಗಿದೆ, ಈಗಲೇ ಹಾಕು ಎಂದ.

ಯುಪಿಎಸ್ ಚಾರ್ಜ್ ಆಗಿರುವುದನ್ನು ನೋಡಿಕೊಂಡು ಶುರು ಮಾಡಿದೆ. ಪವರ್ ಆಫ್ ಮಾಡಬೇಡಿ ಎಂಬ ಎಚ್ಚರಿಕೆ ಪರದೆ ಮೇಲೆ ಬಂತು, ಗೆರೆ ಅರ್ಧದವರೆಗೆ ತುಂಬಿತು. ಅಷ್ಟರಲ್ಲಿ ರಸ್ತೆಯಲ್ಲಿ ತಮಟೆ ಸದ್ದು. ಯಾರದೋ ಹೆಣ ಬರುತ್ತಿತ್ತು.

ಹೆಣ ಹೋಗುವಾಗ ಅಂಗಡಿಯವರು ಶಟರ್ ಅರ್ಧ ಎಳೆದು ದೀಪ ಆರಿಸುವುದು ನಮ್ಮ ಕಡೆ ಮರ್ಯಾದೆ. ನಮ್ಮಪ್ಪ ಗುಬ್ಬಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾಗ ಅಣ್ಣನಿಗೆ ವ್ಯಾಪಾರ ಕಲಿಸಿದರೋ ಇಲ್ಲವೋ, ಇದನ್ನಂತೂ ಕಲಿಸಿದ್ದರು. ಅಣ್ಣ ಒಂದು ಕೈಯಲ್ಲಿ ಶಟರ್ ಎಳೆದ, ಇನ್ನೊಂದು ಕೈಯಲ್ಲಿ ಮೇನ್ ಕೆಳಗಿಳಿಸಿದ. ಮಾನಿಟರ್ ಇನ್ನೂ ಬೆಳಗುತ್ತಿರುವುದನ್ನು ಕಂಡು, ಸತ್ತವರಿಗೆ ಕಡಿಮೆ ಗೌರವ ಆಗಬಾರದೆಂದು, ಯುಪಿಎಸ್ ಗುಂಡಿಯನ್ನೂ ಒತ್ತಿದ. ನಾನು ಕೂಗಿದ್ದು ತಮಟೆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಹೆಣ ದಾಟಿದ ಮೇಲೆ ಮತ್ತೆ ಸ್ವಿಚ್ ಹಾಕಿದರೆ ಕ್ಯಾಬಿನೆಟ್ ಒಳಗಿನ ಫ್ಯಾನ್ ಮಾತ್ರ ತಿರುಗಿತು. ಪರದೆ ಕಪ್ಪು, ಬೀಪ್ ಇಲ್ಲ. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿ ಹಾಕಿದೆ. ಬೋರ್ಡಿನ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಹಾರ್ಡ್ ಡಿಸ್ಕ್ ಬಿಡಿಸಿ ನೋಡಿದೆ. ಅಣ್ಣನೂ ಸುಮ್ಮನಿರಲಿಲ್ಲ, ಒಂದು ನಿಂಬೆಹಣ್ಣು ನಿವಾಳಿಸಿದ. ಕೊನೆಗೆ ಪಕ್ಕದ ಬೂತಿನಿಂದ ಕುಣಿಗಲ್‌ಗೆ ಫೋನ್ ಮಾಡಿದರೆ, ಬೀಪೇ ಬರದಿದ್ದರೆ ಚಿಪ್ಪು ಹೋಗಿದೆ, ಕಿತ್ತುಕೊಂಡು ಇಲ್ಲಿಗೇ ಬನ್ನಿ, ಬೇರೆ ಬೋರ್ಡಿನಲ್ಲಿ ಕೂರಿಸಿ ಬರೆದುಕೊಡುತ್ತೇನೆ ಎಂದರು. ಕುಣಿಗಲ್‌ಗೆ ಹೋಗಿಬರಲು ಅರ್ಧ ದಿನ ಬೇಕಿತ್ತು. ಗುಬ್ಬಿಯವರು ಆಗಲೇ ಬಸ್ಸಿಳಿದು, ರಾಹುಕಾಲ ಕಳೆಯಲೆಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದರಂತೆ.

ಅಪ್ಪ, ಮಗ ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಶುರು ಮಾಡಪ್ಪ ಎಂದರು ಅಪ್ಪ. ಕರೆಂಟ್ ಇಲ್ಲ ಎಂದ ಅಣ್ಣ. ದೊಡ್ಡವರು ತಲೆಯ ಮೇಲೆ ಗಿರಗಿರನೆ ತಿರುಗುತ್ತಿದ್ದ ಸೀಲಿಂಗ್ ಫ್ಯಾನನ್ನು ಒಮ್ಮೆ ನೋಡಿದರು. ಆಮೇಲೆ ಬಿಚ್ಚಿಟ್ಟ ಕ್ಯಾಬಿನೆಟ್ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಅದ್ ಹಾಳಾಗೋಗ್ಲಿ ಬುಡು. ನೀನೇ ಹೇಳವ್ವ, ನಿಂದ್ಯಾವ ನಕ್ಷತ್ರ?"

ಅಣ್ಣ ಬಾಯಿ ತೆರೆದ. ಅವನಿಗಿಂತ ಮುಂಚೆ ನಾನು ಮೂಲಾ ಎಂದುಬಿಟ್ಟೆ. ಸಾಕಾಗಿತ್ತು ನನಗೆ. ಆ ಹುಡುಗನ ಮುಖ ನೋಡುವ ಧೈರ್ಯ ಬರಲಿಲ್ಲ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡುತ್ತ ನಿಂತೆ.

ದೊಡ್ಡವರು ಗಲ್ಲ ಕೆರೆದುಕೊಂಡು ಯೋಚಿಸಿದರು. "ಬಸ್ ಇಳೀತಿದ್ದಂಗೆ ಹೆಣ ಎದ್ರಿಗೆ ಬಂತು. ಒಳ್ಳೇ ಕೆಲ್ಸಕ್ಕೆ ಹೊಂಟಾಗ ಹೆಣ ಎದ್ರಾದ್ರೆ ಅದ್ಕಿಂತ ಶಕುನ ಇನ್ನೇನ್ ಬೇಕಪ್ಪ? ಮೂಲಾನೂ ಇಲ್ಲ ಗೀಲಾನೂ ಇಲ್ಲ" ಎಂದರು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರಲ್ಲ, ಹಾಗಾಯಿತು. ನನ್ನ ಡಿಪ್ಲೊಮಾಕ್ಕೆ, ನನ್ನ ನಡತೆಗೆ ಸಿಗದ ಒಪ್ಪಿಗೆ ಗುರುತಿಲ್ಲದ ಒಬ್ಬರು ಸತ್ತಿದ್ದಕ್ಕೆ ಸಿಕ್ಕಿತು. ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು, ಮೈಯೆಲ್ಲ ಉರಿಯಿತು. ಅಣ್ಣ ಮಾತ್ರ ತಾನೇ ಆ ಹೆಣವನ್ನು ಏರ್ಪಾಟು ಮಾಡಿಸಿದವನಂತೆ ಬೀಗುತ್ತ ದೊಡ್ಡವರನ್ನು ಕಾಫಿಗೆ ಕರೆದುಕೊಂಡು ಹೊರಟ.

ಹುಡುಗ ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ಬಾಗಿಲಲ್ಲೇ ಉಳಿದ. ಅವರು ದೂರ ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಹೇಳಿದ:

"ನಂಗೂ ಕುಜದೋಷ ಐತೆ ಕಣ್ರೀ. ಅಪ್ಪ ನಾನ್ ಹುಟ್ಟಿದ ಟೈಮ್ನ ಮನೇಲೇ ಬದಲಾಯಿಸ್ಕೊಂಡು ಬಂದವ್ರೆ. ನೀವು ನಿಜ ಹೇಳಿದ್ರಿ, ನಂಗ್ ಸುಮ್ಕಿರಕ್ ಆಗ್ಲಿಲ್ಲ. ಇದನ್ ಕೇಳಿದ್ಮೇಲೂ ಒಪ್ಗೆ ಇದ್ರೆ ಹೇಳಿ."

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಅಷ್ಟು ಖಾತರಿಯಾಗಿ ಹೇಳಿದ್ದವರು ಅದರ ಬಾಯಿಗೆ ಹಾಕಲು ಸುಳ್ಳನ್ನು ಗುಬ್ಬಿಯಿಂದಲೇ ಕಟ್ಟಿಕೊಂಡು ಬಂದಿದ್ದರು. ಅವತ್ತು ಆ ಮೆಷಿನ್ ಎದ್ದಿದ್ದರೆ, ಯಾವತ್ತೂ ಹುಟ್ಟೇ ಇಲ್ಲದ ಇಬ್ಬರಿಗೆ ಮದುವೆ ನಿಶ್ಚಯವಾಗುತ್ತಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ನನ್ನನ್ನು ನೋಡಲು ಬಂದವರಲ್ಲಿ ನಿನಗೆ ಒಪ್ಪಿಗೆಯೇ ಎಂದು ನನ್ನನ್ನೇ ಕೇಳಿದವನು ಇವನೊಬ್ಬ. ಒಪ್ಪಿಗೆ ಎಂದೆ.