ಸರಿದ ರೆಕ್ಕೆಯ ಬನಿಯನ್

ಅವತ್ತು ಮುಂಜಾನೆ ನನ್ನ ಗಂಡ ರೊಟ್ಟಿ, ಪುಂಡಿಪಲ್ಯ ತಿಂದರು. ಹಗ್ಗದ ಮೇಲಿದ್ದ ಬನಿಯನ್ ತೆಗೆದು ಹಾಕಿಕೊಂಡರು. ಅದರ ಎದೆಯ ಮೇಲೊಂದು ಚಿಟ್ಟೆ. ನಮ್ಮ ಅಂಗಡಿಯಲ್ಲಿ ಅಚ್ಚು ಹಾಕುವಾಗ ಚೌಕಟ್ಟು ಸರಿದಿತ್ತು. ಕರಿ ಗೆರೆ ಒಂದು ಕಡೆ, ಕೇಸರಿ ರೆಕ್ಕೆ ಒಂದು ಕಡೆ.

“ಮಂದಿಗೆ ಚಲೋವು, ನಿಮಗ ಕೆಟ್ಟುವು. ರೆಕ್ಕಿ ಮೈ ಬಿಟ್ಟು ಹೋಗ್ಯಾವ ನೋಡ್ರಿ,” ಅಂದೆ.

“ಹಾರಾಕತ್ತೈತಿ ಅಂತ ತಿಳ್ಕೊಳಲೇ ಆದಮ್ಮ.”

“ಎಲ್ಲಿಗೆ ಹೊಂಟೀರಿ?”

“ಮಸ್ಕಿ ರೋಡಿನ ಕಾಲುವಿಗೆ. ಹಸಿ ಮಣ್ಣಿನ ಮ್ಯಾಲೆ ಹಳದಿ ಪಾತರಗಿತ್ತಿ ಹಿಂಡ ಕುಂತಾವಂತ. ರೀಲ್ ಮುಗದ್ರ ಹಂಗ ಲಿಂಗಸುಗೂರಿಗೆ ಹೋಗಿ ತೊಳಿಸ್ಕೊಂಡ ಬರ್ತೀನಿ. ಅಕ್ಕನ ಮನ್ಯಾಗ ಉಳಿದ್ರೂ ಉಳಿದೆ.”

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ತೊಂಬತ್ನಾಲ್ಕರ ಮಾತು. ಆಗಲೂ ಈಗಲೂ ನಾನಿರುವುದು ಸಿಂಧನೂರಿನಲ್ಲೇ.

ನನ್ನ ಗಂಡ ಸೂಗಪ್ಪ ಮುದಗಲ್ ಕಡೆಯವರು. ಕುರಿ ಕಾಯುವ ಮನೆ. ಕುರಿ ಬಿಟ್ಟು ಲಿಂಗಸುಗೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತರು. ಮದುವೆಗೆ ಮಾಲೀಕ ಹೋಗುತ್ತಿದ್ದ. ಸತ್ತವರ ಮನೆಗೆ ಇವರನ್ನು ಕಳಿಸುತ್ತಿದ್ದ. ನಮ್ಮ ಕಡೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ರುಮಾಲು ಸುತ್ತಿ, ಹಾರ ಹಾಕಿ ಫೋಟೋ ತೆಗೆಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದೊಂದೇ ಫೋಟೋ. ಇವರು ಹೆಣದ ತಲೆ ನೆಟ್ಟಗೆ ಮಾಡಿ, ನೊಣ ಓಡಿಸಿ ತೆಗೆಯುತ್ತಿದ್ದರು. ಆ ದಿನ ಊಟ ಸೇರುತ್ತಿರಲಿಲ್ಲ. ಬರುವ ದಾರಿಯಲ್ಲಿ ಬೇಲಿಯ ಮೇಲಿನ ಚಿಟ್ಟೆ ಒಂದು ತೆಗೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಿದ್ದರು. ಹಾಗೆ ಹತ್ತಿದ ಚಟ.

ಆಮೇಲೆ ಸಿಂಧನೂರಿಗೆ ಬಂದು ಬನಿಯನ್ ಮೇಲೆ ಅಚ್ಚು ಹಾಕುವ ಅಂಗಡಿ ಇಟ್ಟರು. ಚುನಾವಣೆ ಇದ್ದರೆ ಪಕ್ಷದ ಗುರುತು. ಇಲ್ಲದಾಗ ತಾವೇ ತೆಗೆದ ಚಿಟ್ಟೆ. ಕಟ್ಟಿಗೆ ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಮದ್ದು ಬಳಿದು, ಮೇಲೆ ಫಿಲ್ಮ್ ಇಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ಮೂಡುತ್ತಿತ್ತು. ಬಣ್ಣಕ್ಕೊಂದು ಚೌಕಟ್ಟು. ಅಚ್ಚಾದದ್ದನ್ನು ನಾನು ಒಣಹಾಕುತ್ತಿದ್ದೆ. ಧಾನ್ಯದ ಗಂಜ್ ಮಾರುಕಟ್ಟೆಯ ಹಮಾಲರು, ಲಾರಿ ಕ್ಲೀನರುಗಳು ಅದನ್ನೇ ಹಾಕಿಕೊಂಡರು. ಹಮಾಲ ದೊಡ್ಡಬಸಪ್ಪ ಬೆನ್ನ ಮೇಲೆ ನೆಲ್ಲಿನ ಚೀಲ ಹೊತ್ತು, “ಪಾತರಗಿತ್ತಿ ಬಂದೈತಿ, ದಾರಿ ಬಿಡ್ರಲೇ,” ಅನ್ನುತ್ತಿದ್ದ. ಅಚ್ಚು ಕೆಟ್ಟದ್ದು ಅಂಗಡಿ ಬಿಟ್ಟು ಹೋಗುತ್ತಿರಲಿಲ್ಲ. ಇವರೇ ಹಾಕಿಕೊಂಡು ಹರಿಯುತ್ತಿದ್ದರು.

ಅಂದು ಅವರು ಬರಲಿಲ್ಲ. ಮರುದಿನವೂ ಇಲ್ಲ. ಅಕ್ಕನ ಮನೆಗೆ ಮೈದುನ ನರಸಣ್ಣನನ್ನು ಕಳಿಸಬೇಕು ಅನ್ನುವಷ್ಟರಲ್ಲಿ ಪೊಲೀಸರು ಕರೆಸಿದರು. ಕಾಲುವೆಯ ಕೆಳಗಿನ ಗೇಟಿಗೆ ಒಂದು ಹೆಣ ಬಂದು ತಡೆದಿತ್ತು. ಮುಖವನ್ನು ಮೀನು ತಿಂದಿದ್ದವು. ಮೈಮೇಲೆ ಚಿಟ್ಟೆಯ ಬನಿಯನ್.

“ಸಿಂಧನೂರಾಗ ಅರ್ಧ ಮಂದಿ ಮೈಮ್ಯಾಗ ಇದ ಐತ್ರಿ ಸಾಹೇಬ್ರ. ನಮ್ಮಣ್ಣ ಲಿಂಗಸುಗೂರಾಗ ಅದಾನ,” ಅಂದ ನರಸಣ್ಣ.

ನನಗೂ ಆ ಮಾತೇ ಬೇಕಾಗಿತ್ತು. ಯಾವನೋ ಹಮಾಲ ಇರಲಿ, ಯಾವಳದೋ ಗಂಡ ಇರಲಿ ಅಂದುಕೊಂಡೆ.

ಪೊಲೀಸಿನವನು ಬನಿಯನ್ ಬಿಡಿಸಿ ಹಿಡಿದ. ಕೈಯಿಂದ ರಾಡಿ ಒರೆಸಿದೆ. ಕರಿ ಗೆರೆ ಒಂದು ಕಡೆ, ಕೇಸರಿ ರೆಕ್ಕೆ ಒಂದು ಕಡೆ.

“ಗುರ್ತ ಸಿಕ್ತೇನಮ್ಮಾ?”

“ಇದು ಮಾರಿದ್ದಲ್ರಿ,” ಅಂದೆ.

ನರಸಣ್ಣ ಹೆಗಲ ಮೇಲಿನ ವಸ್ತ್ರ ತೆಗೆದು ಅಣ್ಣನ ಮುಖಕ್ಕೆ ಮುಚ್ಚಿದ.

ಇವರು ಬಿದ್ದದ್ದನ್ನು ಯಾರೂ ನೋಡಲಿಲ್ಲ. ಕಾಲುವೆಯ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ. ಜಾರಿದವನು ಹತ್ತಲಾರ. ಇವರಿಗೆ ಈಜು ಬರುತ್ತಿರಲಿಲ್ಲ. ಕುರಿ ಕಾಯುವ ಕಡೆ ಈಜುವಷ್ಟು ನೀರು ಎಲ್ಲಿತ್ತು? ಕ್ಯಾಮೆರಾ ಸಿಗಲಿಲ್ಲ.

ಲಿಂಗಸುಗೂರಿನ ಹಳೆಯ ಮಾಲೀಕ ಫೋಟೋ ತೆಗೆಯಲು ಬಂದ. ಹೆಣ ಕೂರಿಸುವ ಹಾಗೆ ಇರಲಿಲ್ಲ. ಮುಖದ ಬಟ್ಟೆ ತೆಗೆಯಬೇಡಿ ಅಂದೆ. ಹಾಗೇ ಹೋದ. ಕ್ಯಾಮೆರಾ ಯಾವಾಗಲೂ ಇವರ ಕೈಯಲ್ಲೇ ಇರುತ್ತಿತ್ತು, ಹಾಗಾಗಿ ನನ್ನ ಹತ್ತಿರ ಇವರದೊಂದೂ ಫೋಟೋ ಇಲ್ಲ. ಚಿಟ್ಟೆಗಳವು ಟ್ರಂಕ್ ತುಂಬ ಇವೆ.

ಬೋರಿನ ನೀರು ಉಪ್ಪು. ಕುಡಿಯಲು ಊರಿಗೆಲ್ಲ ಆ ಕಾಲುವೆಯ ನೀರೇ. ಅದೇ ಮುಂಜಾನೆ ನಳಕ್ಕೆ ಬರುತ್ತದೆ. ಕೊಡ ತಿಕ್ಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಸೋಸಿ ತುಂಬುತ್ತೇನೆ. ತುಂಬಿದ ಮೇಲೆ ಬಟ್ಟೆ ಬಿಚ್ಚಿ, ಅದರಲ್ಲಿ ನಿಂತ ರಾಡಿ ಜಾಡಿಸಿ, ಹಿಂಡಿ ಒಣಹಾಕುತ್ತೇನೆ.