ಬಸ್ಸಿನಿಂದ ಇಳಿಸಿ ನಡೆಸಿದ ಚಾಲಕರು

ಘಟಪ್ರಭಾ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದ ಚಾಲಕರು ನೇರವಾಗಿ ನನ್ನ ಸೀಟಿನ ಬಳಿ ಬಂದರು. "ಅಕ್ಕಾರ, ಕುಂತ್ರ ಸೊಂಟದಿಂದ ಹಿಮ್ಮಡಿತನಕ ಸೆಳೀತೈತಿ ಹೌದಲ್ರಿ? ಆಗಿಂದ ಕನ್ನಡ್ಯಾಗ ನೋಡಾಕತ್ತೇನಿ. ಇಳೀರಿ, ನನ್ನ ಕೂಡ ನಾಕ ಹೆಜ್ಜಿ ಅಡ್ಡಾಡ್ರಿ."

ನಾನು ಬೆರಗಾದೆ. ಸೊಂಟದ ಡಿಸ್ಕ್ ಜರುಗಿ ಕಾಲಿನ ನರವನ್ನು ಒತ್ತುತ್ತಿದೆ, ಆದರೂ ಮೆಲ್ಲಗೆ ನಡೆದಾಡುತ್ತಿರಿ ಎಂದು ಗೋಕಾಕದ ವೈದ್ಯರು ಹೇಳಿದ್ದರು. ಕಾಲೇ ಹೋದೀತೆಂದು ಹೆದರಿದ ನಾನು ತಿಂಗಳಿಡೀ ಮಲಗಿದ್ದೆ. ಅಂದು ಹುಕ್ಕೇರಿಗೆ ಹೊರಟಿದ್ದು, ನಾನು ಕಲಿಸುತ್ತಿದ್ದ ಶಾಲೆಗೆ ರಾಜೀನಾಮೆ ಕೊಡಲು.

ಚಾಲಕರಿಗೂ ಇದೇ ನೋವಂತೆ. ಜೊತೆಗೆ ನಡೆಯುತ್ತಾ ಹೇಳಿದರು: "ಮೂರ ತಿಂಗಳ ನಾ ಸ್ಟೇರಿಂಗ್ ಮುಟ್ಟಿದ್ದಿಲ್ರಿ. ದಿನಾ ನಡದ ನಡದ ಮತ್ತ ಡ್ಯೂಟಿಗೆ ಬಂದೇನಿ."

ನಿಲ್ದಾಣಕ್ಕೆ ಎರಡು ಸುತ್ತು ಹಾಕಿದೆವು. ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಕಾಲಿನ ಸೆಳೆತ ತುಸು ಸಡಿಲಾಗಿತ್ತು. ಶಾಲೆಯಲ್ಲಿ ರಾಜೀನಾಮೆ ಕೊಡದೆ ಇನ್ನೊಂದು ತಿಂಗಳ ರಜೆ ಕೇಳಿದೆ. ಹೆಡ್‌ಮಾಸ್ತರರು ಒಪ್ಪಿದರು. ವೈದ್ಯರು ಕಲಿಸಿದ ವ್ಯಾಯಾಮ ಮಾಡುತ್ತಾ, ದಿನವೂ ನಡೆಯುತ್ತಾ, ರಜೆ ಮುಗಿದ ಮೇಲೆ ಮತ್ತೆ ಪಾಠಕ್ಕೆ ನಿಂತೆ.

ನೋವು ಈಗಲೂ ಆಗಾಗ ಬರುತ್ತದೆ. ಬಂದಾಗ ಹಾಸಿಗೆ ಹಿಡಿಯುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ.